ಅವ್ವನ ಟೊಂಕ, ನನ್ನ ಕಾಲು

ನಾನು ಹುಟ್ಟುವಾಗ ತಲೆಗಿಂತ ಮೊದಲು ಕಾಲು ಹೊರಗೆ ಬಂತು. ಇದರಲ್ಲಿ ನನ್ನ ಸಾಧನೆ ಏನೂ ಇಲ್ಲ. ಹೊಟ್ಟೆಯೊಳಗೆ ತಿರುಗಬೇಕಾದ ಹೊತ್ತಿಗೆ ತಿರುಗಲಿಲ್ಲ, ಅಷ್ಟೆ. ಆದರೆ ನಮ್ಮವರ ವಿಜಯಪುರದ ಕಡೆಯಲ್ಲೂ ನಾನು ಬೆಳೆದ ಪುಣೆಯಲ್ಲೂ ಈ ಸೋಮಾರಿತನಕ್ಕೆ ಒಂದು ಹುದ್ದೆ ಕಾದಿರುತ್ತದೆ. ಮರಾಠಿಯಲ್ಲಿ ಇಂಥವರನ್ನು ‘ಪಾಯಾಳೂ’ ಎನ್ನುತ್ತಾರೆ. ಪಾಯಾಳೂ ಆದವರು ಒಮ್ಮೆ ಒದ್ದರೆ ಹಿಡಿದುಕೊಂಡ ಟೊಂಕ ಬಿಟ್ಟುಹೋಗುತ್ತದೆ ಎಂದು ಜನ ನಂಬುತ್ತಾರೆ. ಟೊಂಕ ಎಂದರೆ ಸೊಂಟ. ಊರಿಗೆ ತಕ್ಕಂತೆ ಹೆಸರು ಬೇರೆ, ನೋವು ಒಂದೇ.

ಹುದ್ದೆಯ ಜೊತೆ ಬೇರೆ ಸವಲತ್ತುಗಳೂ ಇವೆ. ನೆಲದಲ್ಲಿ ಹೂತಿಟ್ಟ ನಿಧಿ ನಮ್ಮ ಕಣ್ಣಿಗೆ ಕಾಣುತ್ತದಂತೆ. ಪುಣೆಯ ನಮ್ಮ ಬಡಾವಣೆ ಬಿಬವೇವಾಡಿಯಲ್ಲಿ ರಸ್ತೆ ಅಗೆದಾಗಲೆಲ್ಲ ಬಗ್ಗಿ ನೋಡಿದ್ದೇನೆ; ಇದುವರೆಗೆ ಕಂಡದ್ದು ಒಡೆದ ನೀರಿನ ಪೈಪು. ಸಿಡಿಲು ಮೊದಲು ನಮ್ಮನ್ನೇ ಹುಡುಕಿಕೊಂಡು ಬರುತ್ತದಂತೆ. ಹಾಗಾಗಿ ಗುಡುಗಿದರೆ ಸಾಕು, ಅವ್ವ ನನ್ನನ್ನು ಹೊರಗಿನಿಂದ ದರದರ ಎಳೆದು ತಂದು ಒಳಗೆ ಕೂಡಿಹಾಕುತ್ತಿದ್ದಳು. ಓಣಿಯ ಮಕ್ಕಳೆಲ್ಲ ಮಳೆಯಲ್ಲಿ ಕುಣಿಯುವಾಗ ನಾನು ಕಿಟಕಿಯ ಕಬ್ಬಿಣದ ಸರಳು ಹಿಡಿದು ನೋಡುತ್ತಿದ್ದೆ. ಸಿಡಿಲಿನ ಬಗ್ಗೆ ನಮ್ಮ ಮನೆಯ ವಿಜ್ಞಾನ ಅಷ್ಟೇ ಇತ್ತು.

ನಮ್ಮದು ಹಳೆಯ ಕಟ್ಟಡದ ಮೊದಲ ಮಹಡಿ. ಶಾಲೆಯಿಂದ ಬರುವಷ್ಟರಲ್ಲಿ ಮೆಟ್ಟಿಲ ಮೇಲೆ ಯಾರಾದರೊಬ್ಬರು ಟೊಂಕ ಹಿಡಿದು ಕಾದಿರುತ್ತಿದ್ದರು. ಪಾಟೀಚೀಲ ಇಳಿಸುವ ಮೊದಲೇ ನಾನು ಕಾಲು ತೊಳೆದು ಅವರ ಬೆನ್ನಿಗೆ ಪಾದ ತಾಗಿಸಬೇಕು. ಒದೆ ಎನ್ನುವುದು ಹೆಸರಿಗೆ ಮಾತ್ರ, ಬೆಕ್ಕು ಬಾಗಿಲು ತಳ್ಳಿದಷ್ಟು ಜೋರು. ಒದೆಸಿಕೊಂಡವರು ಹಿಂದೆ ತಿರುಗದೆ ಹೋಗಬೇಕು. ಗುಣವಾದವರು ಬೆಲ್ಲ ತಂದುಕೊಡುತ್ತಿದ್ದರು. ಗುಣವಾಗದವರು ಬರುತ್ತಲೇ ಇರಲಿಲ್ಲ. ಹಾಗಾಗಿ ನಮ್ಮ ಮನೆಯ ಲೆಕ್ಕದಲ್ಲಿ ನನ್ನ ಕಾಲು ಒಮ್ಮೆಯೂ ಸೋತಿರಲಿಲ್ಲ.

ಹೈಸ್ಕೂಲಿಗೆ ಬಂದ ಮೇಲೆ ಈ ಲೆಕ್ಕದ ತೂತು ಕಣ್ಣಿಗೆ ಬಿತ್ತು. “ಬೆಲ್ಲ ತರದವರು ಎಷ್ಟು ಮಂದಿ ಅಂತ ಎಂದಾರ ಎಣಿಸಿಯೇನು?” ಎಂದು ಅವ್ವನನ್ನು ಕೇಳಿದೆ.

“ಅವರನ್ನ ಯಾಕ ಎಣಿಸಬೇಕು? ಅವರು ಜಿಪುಣರು,” ಎಂದಳು.

ಅಂದೇ ಕೆಲಸ ಬಿಟ್ಟೆ. ಇನ್ನು ಯಾರ ಬೆನ್ನನ್ನೂ ಮುಟ್ಟುವುದಿಲ್ಲ ಎಂದು ಘೋಷಿಸಿದೆ. ಮುಂದೆ ಧಾರವಾಡದಲ್ಲಿ ಕಾಲೇಜು ಓದುವಾಗ ಚರ್ಚಾಸ್ಪರ್ಧೆಗಳ ಚಟ ಹತ್ತಿತು. ಪುಣೆಯಲ್ಲಿ ಕನ್ನಡ ಮಾತಾಡಿದರೆ ಕೇಳುವವಳು ಅವ್ವ ಒಬ್ಬಳೇ. ಧಾರವಾಡದಲ್ಲಿ ಒಂದು ಸಭಾಂಗಣವೇ ಕೇಳುತ್ತಿತ್ತು. ಮೂಢನಂಬಿಕೆಯ ವಿರುದ್ಧ ಮಾತಾಡಬೇಕಾದಾಗ ನನ್ನ ಕಾಲನ್ನೇ ಸಾಕ್ಷಿಯಾಗಿ ತಂದೆ. ಬೆಲ್ಲದ ಲೆಕ್ಕ ಬಿಚ್ಚಿಟ್ಟೆ. ಸಭೆ ಬಿದ್ದು ಬಿದ್ದು ನಕ್ಕಿತು, ಬಹುಮಾನ ಬಂತು. ವೇದಿಕೆ ಇಳಿಯುತ್ತಿದ್ದಂತೆ ತೀರ್ಪುಗಾರರಲ್ಲಿ ಒಬ್ಬರು ಮೆಲ್ಲಗೆ ಹತ್ತಿರ ಬಂದು, “ಭಾಳ ಛಲೋ ಮಾತಾಡಿದ್ರಿ. ಹಂಗ... ಒಂದೀಟು ಇತ್ತ ಬರ್ತೀರೇನು? ನಿನ್ನೆಯಿಂದ ಟೊಂಕ ಹಿಡದದ,” ಎಂದರು. ಒದೆಯಲಿಲ್ಲ. ಬಹುಮಾನ ಕೈಗೆ ಬಂದಾಗಿತ್ತಲ್ಲ, ಧೈರ್ಯವಿತ್ತು.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಅಷ್ಟು ವರ್ಷ ಕಾಪಾಡಿಕೊಂಡ ಆ ಪ್ರತಿಜ್ಞೆ ಹೋದ ದಸರೆಯ ಮುಂದೆ ಅವ್ವನ ಬೆನ್ನಿಗೇ ಎದುರಾಯಿತು.

ಮನೆಯ ಕೆಳಗೇ ಅವ್ವನ ಅಂಗಡಿ. ಜಂಪರು, ಅಂದರೆ ರವಿಕೆ, ಹೊಲಿಯುತ್ತಾಳೆ, ಸೀರೆಗೆ ಫಾಲ್, ಪಿಕೋ ಮಾಡುತ್ತಾಳೆ. ಓದು ಮುಗಿಸಿ ಪುಣೆಗೆ ಮರಳಿದ ನಾನು ವಿಮಾನ ನಗರದ ಆಫೀಸಿಗೆ ಹೋಗದ ದಿನ ಮೇಲೆ ಕೂತು ಲ್ಯಾಪ್‌ಟಾಪ್ ಕುಟ್ಟುತ್ತಿದ್ದರೆ ಕೆಳಗಿನಿಂದ ಮೋಟರ್ ಮಷಿನ್ನಿನ ಸದ್ದು ಬರುತ್ತಿರುತ್ತದೆ. ಅಪ್ಪ ಚಾಕಣದ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುತ್ತಾನೆ. ಮನೆಯ ಎಲ್ಲ ವಾದಗಳಲ್ಲೂ ಅವನದು ಗೈರುಹಾಜರಿ, ಅದಕ್ಕೇ ಅವನ ರಕ್ತದೊತ್ತಡ ಸರಿಯಾಗಿದೆ.

ಹಬ್ಬದ ಹೊಲಿಗೆ ಮೈಮೇಲೆ ಬಿದ್ದಿದ್ದಾಗ ಅವ್ವ ಅಸ್ತರಿನ ಬಟ್ಟೆಯ ಗಂಟು ಎತ್ತಲು ಬಗ್ಗಿದಳು. ಬಗ್ಗಿದವಳು ಬಗ್ಗಿಯೇ ಉಳಿದಳು. ಗೋಡೆ ಹಿಡಿದು ಮೇಲೆ ಬರುವಷ್ಟರಲ್ಲಿ ಸುದ್ದಿ ಕಟ್ಟಡವನ್ನೆಲ್ಲ ಸುತ್ತಿತ್ತು. ಈ ಊರಿನಲ್ಲಿ ಬೆನ್ನುನೋವು ಖಾಸಗಿ ಆಸ್ತಿಯಲ್ಲ. ಗುಂಡಿ ಬಿದ್ದ ರಸ್ತೆಯ ಮೇಲೆ ಸ್ಕೂಟರ್ ಓಡಿಸುವ ಪ್ರತಿಯೊಬ್ಬರಿಗೂ ಒಂದು ಡಿಸ್ಕು, ಒಂದು ಅಭಿಪ್ರಾಯ ಇದ್ದೇ ಇರುತ್ತದೆ. ಒಬ್ಬರು ಬೆಲ್ಟು ಕೊಟ್ಟರು, ಒಬ್ಬರು ಎಣ್ಣೆ ಕೊಟ್ಟರು, ಒಬ್ಬರು ಅಯಸ್ಕಾಂತ ಹೊಲಿದ ಹಾಸಿಗೆಯ ವಿಡಿಯೊ ಕಳಿಸಿದರು. ಇವರೆಲ್ಲರಿಗೂ ಸಾಕ್ಷ್ಯ ಎಲ್ಲಿದೆ ಎಂದು ಕೇಳಿ ವೈರ ಕಟ್ಟಿಕೊಂಡೆ. ಕೇಳಿದ ಮೇಲೆ, ನಾನು ಬಲ್ಲ ಒಂದೇ ವೈಜ್ಞಾನಿಕ ಚಿಕಿತ್ಸೆ ಮಾಡಿದೆ: ಹಾಸಿಗೆ ತೆಗೆದು ಹಲಗೆಯ ಮೇಲೆ ಮಲಗಿಸಿ, ಅಲ್ಲಾಡಕೂಡದು ಎಂದು ಕಾವಲು ನಿಂತೆ.

ದಿನಗಳು ಕಳೆದವು. ನೋವು ಟೊಂಕ ಬಿಟ್ಟು ಬಲ ತೊಡೆಗೆ ಇಳಿಯಿತು, ಮೊಳಕಾಲಿನ ಹೊರಬದಿ ಹಿಡಿದು ಹೆಬ್ಬೆರಳ ತನಕ ಹೋಯಿತು. ಅವ್ವ ಕಾವಲು ತಪ್ಪಿಸಿ ಅಂಗಡಿಗೆ ಇಳಿಯತೊಡಗಿದಳು. ಒಮ್ಮೆ ಮೇಲೆ ಬಂದಾಗ ಒಂದೇ ಕಾಲಲ್ಲಿ ಚಪ್ಪಲಿ ಇತ್ತು. ಬಲಗಾಲಿನದು ಮೆಟ್ಟಿಲ ಮೇಲೆ ಉದುರಿಬಿದ್ದದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ.

“ಪಟ್ಟಿ ಸಡಿಲ ಆಗ್ಯದ,” ಎಂದಳು. ಪಟ್ಟಿ ಸಡಿಲವಾಗಿರಲಿಲ್ಲ. ನಾನೇ ಹಾಕಿ ನೋಡಿದೆ.

ಆಮೇಲೆ ಮಷಿನ್. ಪೆಡಲ್ ಒತ್ತಿದರೆ ಓಡಬೇಕು, ಪಾದ ಎತ್ತಿದರೆ ನಿಲ್ಲಬೇಕು. ಅದು ನಿಲ್ಲುತ್ತಿರಲಿಲ್ಲ. ಗುರುತು ಹಾಕಿದ ಜಾಗ ದಾಟಿ ಹೊಲಿಗೆ ಮುಂದಕ್ಕೆ ಓಡುತ್ತಿತ್ತು. ಮೋಟರ್ ಕೆಟ್ಟಿದೆ ಎಂದು ಅವ್ವ ರಿಪೇರಿಯವನನ್ನು ಕರೆಸಿದಳು. ಅವನು ಕೂತು ತುಳಿದರೆ ಸರಿಯಾಗಿ ನಿಲ್ಲುತ್ತಿತ್ತು. “ಮಷೀನ್ ಏಕ್‌ದಮ್ ಓಕೆ ಆಹೆ, ತಾಯಿ,” ಎಂದು ಹೋದ.

ಮಷಿನ್ ಓಕೆ, ಚಪ್ಪಲಿ ಓಕೆ. ಉಳಿದದ್ದು ಪಾದ. ಬೆನ್ನಿನಲ್ಲಿ ನರ ಒತ್ತಿಕೊಂಡರೆ ಪಾದದ ಬಲ ಹೋಗಬಹುದು, ಹಾಗಾದರೆ ತಡಮಾಡಬಾರದು ಎಂದು ಓದಿದ್ದೆ. ಅವ್ವನ ಹೊಲಿಗೆಯೆಲ್ಲ ಇರುವುದು ಆ ಬಲಗಾಲಿನಲ್ಲಿ. ಅದು ಹೋದರೆ ಅಂಗಡಿಯ ಬಾಗಿಲು ಹಾಕಿದ ಹಾಗೆಯೇ, ಅಂಗಡಿಯ ಬಾಗಿಲು ಹಾಕಿದ ದಿನ ಅವ್ವ ಅವ್ವನಾಗಿ ಉಳಿಯುವುದಿಲ್ಲ.

“ನಡಿ ದವಾಖಾನಿಗೆ,” ಎಂದೆ.

“ನೀ ಒದಿ. ಒದ್ದ ಮ್ಯಾಲೆ ಬರ್ತೀನಿ.”

“ಯವ್ವಾ, ಮತ್ತ ಶುರು ಮಾಡಬ್ಯಾಡ.”

“ಊರ ಮಂದಿಗೆಲ್ಲ ಒದ್ದಿ. ಹಡದಾಕಿಗೆ ಮಾತ್ರ ಒದಿಯೂದಿಲ್ಲ ಅಂದ್ರ ಹೆಂಗ?”

ಅಷ್ಟರಲ್ಲಿ ಎದುರು ಮನೆಯ ಮರಾಠಿ ಚಿಕ್ಕಮ್ಮ, ನಾವು ಮಾವಶಿ ಎನ್ನುವವರು, ಬಂದರು. ನನ್ನನ್ನು ಹುಟ್ಟಿದಾಗಿನಿಂದ ಬಲ್ಲವರು. ಇಡೀ ಕಟ್ಟಡದ ಆಚಾರ, ಉಪವಾಸ, ಗ್ರಹಣಗಳ ಮೇಲೆ ಕೊನೆಯ ಮಾತು ಅವರದು. “ಪಾಯಾಳೂ ಮುಲಗೀ ಘರಾತ ಅಸತಾನಾ ಡಾಕ್ಟರ ಕಶಾಲಾ?” ಎಂದರು. ಪಾಯಾಳೂ ಹುಡುಗಿ ಮನೆಯಲ್ಲೇ ಇರುವಾಗ ಡಾಕ್ಟರ್ ಯಾಕಂತೆ.

ನಾನು ವಾದಿಸಿದೆ. ಕನ್ನಡದಲ್ಲಿ ಅವ್ವನ ಜೊತೆ, ಮರಾಠಿಯಲ್ಲಿ ಮಾವಶಿಯ ಜೊತೆ. ಟೊಂಕ ಹಿಡಿದರೆ ಹೆಚ್ಚಿನವರಿಗೆ ತಾನಾಗಿಯೇ ಬಿಡುತ್ತದೆ, ಬಿಡುವ ಹೊತ್ತಿಗೆ ಸರಿಯಾಗಿ ಯಾರು ಒದ್ದಿರುತ್ತಾರೋ ಅವರಿಗೆ ಬೆಲ್ಲ ಸಿಗುತ್ತದೆ ಎಂದೆ. ಅವ್ವ ಪೂರ್ತಿ ಕೇಳಿಸಿಕೊಂಡಳು.

“ಒದ್ರ ಏನೂ ಆಗೂದಿಲ್ಲ ಅಂತೀಯಲ್ಲ?”

“ಏನೂ ಆಗೂದಿಲ್ಲ.”

“ಏನೂ ಆಗದಿದ್ರ ಒದಿಯಾಕ ನಿನಗೇನು ತ್ರಾಸು?”

ಧಾರವಾಡದಲ್ಲಿ ನನ್ನನ್ನು ಯಾರೂ ಇಷ್ಟು ಚುಟುಕಾಗಿ ಮುಗಿಸಿರಲಿಲ್ಲ. ಒದ್ದ ಕೂಡಲೇ ದವಾಖಾನೆಗೆ ಹೊರಡುವುದು ಎಂಬ ಕರಾರಿಗೆ ಮಾವಶಿಯನ್ನು ಸಾಕ್ಷಿ ಮಾಡಿ ಕಾಲು ತೊಳೆಯಲು ಹೋದೆ. ಅವ್ವ ಹಿಂದಿನಿಂದ, “ಸಾಬೂನ ಹಚ್ಚು,” ಎಂದು ಕೂಗಿದಳು.

ಬಾಗಿಲ ಚೌಕಟ್ಟು ಹಿಡಿದು ಬೆನ್ನು ಕೊಟ್ಟು ನಿಂತಳು. ನನಗೆ ನಿಜವಾಗಿ ಭಯವಾಗಿತ್ತು. ಒಳಗೆ ನರ ಏನಾಗಿದೆಯೋ, ಯಾರಿಗೆ ಗೊತ್ತು? ಸೀರೆಯ ನೆರಿಗೆಯೂ ಕದಲದಷ್ಟು ಮೆಲ್ಲಗೆ ಪಾದ ತಾಗಿಸಿ ತೆಗೆದೆ.

“ಇಷ್ಟೇನ? ಅಷ್ಟು ಬೆಲ್ಲ ತಿಂದ ಕಾಲು ಹಿಂಗ ಒದೀತದೇನು?” ಎಂದಳು ಅವ್ವ. ಮಾವಶಿಗೆ ಅರ್ಥವಾಗದಿದ್ದರೂ ನಕ್ಕರು, ಅವರು ನಕ್ಕದ್ದಕ್ಕೆ ಅವ್ವ ನಕ್ಕಳು, ನಗುತ್ತ ನಗುತ್ತ ನೆಟ್ಟಗಾದಳು. ಎಷ್ಟೋ ದಿನಗಳ ನಂತರ ಅವಳ ತಲೆ ಭುಜಗಳ ಮೇಲೆ ಸರಿಯಾಗಿ ಕೂತಿತ್ತು. ಹಿಂದೆ ತಿರುಗಿ ನೋಡದೆ, ಶಾಸ್ತ್ರ ಪಾಲಿಸುತ್ತ, ನೇರ ಮೆಟ್ಟಿಲಿಳಿದು ಅಂಗಡಿಗೆ ಹೋದಳು.

ಹಿಂದೆ ಓಡಿದೆ. “ಯವ್ವಾ, ದವಾಖಾನಿ?”

“ಟೊಂಕ ಬಿಟ್ಟದಲ್ಲ. ಗುಣ ಆದ ಮ್ಯಾಲೆ ದವಾಖಾನಿಗೆ ಯಾರು ಹೋಗ್ತಾರ?”

“ಕರಾರು ಮಾಡಿದ್ದಿ!”

“ನೋವು ಇದ್ದಾಗ ಮಾಡಿದ್ದು ಅದು. ನೋವಿನಾಗ ಮಂದಿ ಏನೇನೋ ಅಂತಾರ.”

ನೀವೇ ಹೇಳಿ, ಇದಕ್ಕಿಂತ ಕೆಟ್ಟ ಸ್ಥಿತಿ ಒಬ್ಬ ಸಂಶಯವಾದಿಗೆ ಬರಲು ಸಾಧ್ಯವೇ? ನನ್ನ ಒದೆ ಫಲಿಸದಿದ್ದರೆ ವಾದ ಗೆಲ್ಲುತ್ತಿದ್ದೆ. ಫಲಿಸಿತು, ಅದರಿಂದಾಗಿ ಅವ್ವನ ಕಾಲು ಹೋಗುವುದರಲ್ಲಿತ್ತು. ನೋವು ಇಳಿಯುವುದೂ ನರ ಸರಿಯಾಗುವುದೂ ಒಂದೇ ಅಲ್ಲ ಎಂದು ಹೇಳಿ ಹೇಳಿ ಗಂಟಲು ಬತ್ತಿತು. ಅವಳು ಕೇಳುವ ಸ್ಥಿತಿಯಲ್ಲಿರಲಿಲ್ಲ, ಗಿರಾಕಿಗಳಿಗೆಲ್ಲ ನನ್ನ ಕಾಲಿನ ಸುದ್ದಿ ಹೇಳುತ್ತಿದ್ದಳು.

ಮರುದಿನ ಮೇಲೆ ಮೀಟಿಂಗಿನಲ್ಲಿದ್ದೆ. ಕೆಳಗೆ ಮಷಿನ್ ಓಡಿತು, ನಿಲ್ಲಬೇಕಾದಲ್ಲಿ ನಿಲ್ಲದೆ ಮತ್ತೂ ಓಡಿತು, ಅವ್ವ ಬೈದದ್ದು ಕೇಳಿಸಿತು. ಇಳಿದು ನೋಡಿದರೆ ಹಳದಿ ಜಂಪರಿನ ತೋಳು ಬಾಯಿ ಮುಚ್ಚಿಕೊಂಡಿತ್ತು. ಹೊಲಿಗೆ ಆ ಕಡೆಯಿಂದ ಈ ಕಡೆಗೆ ದಾಟಿ, ಕೈ ಹಾಕಲು ದಾರಿಯೇ ಇಲ್ಲ. ಅವ್ವ ಹೊಲಿಗೆ ಬಿಚ್ಚುತ್ತಿದ್ದಳು. ಫಾಲ್ ಹಚ್ಚಿಸಲು ಬಂದ ಮಾವಶಿ ಸ್ಟೂಲಿನ ಮೇಲೆ ಕೂತಿದ್ದರು.

ವಿಜ್ಞಾನ ಬದಿಗಿಟ್ಟೆ. ಎದುರಾಳಿಯ ಮಾತು ಒಪ್ಪಿಕೊಂಡು ಅದರೊಳಗಿನಿಂದಲೇ ಹೊಡೆಯುವುದನ್ನು ನಾನು ವೇದಿಕೆಯ ಮೇಲೆ ಕಲಿತಿದ್ದೆ.

“ಯವ್ವಾ, ನಾ ಒದ್ದದ್ದು ಎಲ್ಲಿಗೆ?”

“ಟೊಂಕಕ್ಕ.”

“ಬಿಟ್ಟದ್ದು ಏನು?”

“ಟೊಂಕ.”

“ಕಾಲಿಗೆ ಒದ್ದೀನೇನು?”

ಅವ್ವ ಕೈ ನಿಲ್ಲಿಸಿದಳು. ನಾನು ಮಾವಶಿಯತ್ತ ತಿರುಗಿ ಮರಾಠಿಯಲ್ಲಿ, ಬಹಳ ವಿನಯದಿಂದ ಕೇಳಿದೆ: ಪಾಯಾಳೂವಿನ ಒದೆ ಟೊಂಕಕ್ಕಷ್ಟೇ ಅಲ್ಲವೇ? ಕಾಲಿನ ಕಾಯಿಲೆಗೆ ಪಾಯಾಳೂ ಒದ್ದು ಗುಣವಾದದ್ದನ್ನು ನೀವು ಎಲ್ಲಾದರೂ ಕೇಳಿದ್ದೀರಾ?

ಮಾವಶಿ ಕಣ್ಣು ಮುಚ್ಚಿ ಯೋಚಿಸಿದರು. ಉಚ್ಚ ನ್ಯಾಯಾಲಯಗಳೂ ಅಷ್ಟು ಗಂಭೀರವಾಗಿ ಯೋಚಿಸುವುದಿಲ್ಲ. ಕೊನೆಗೆ, “ಪಾಯಾಲಾ ನಾಹೀ,” ಎಂದರು. ಕಾಲಿಗೆ ಇಲ್ಲ. ಟೊಂಕಕ್ಕೆ ಮಾತ್ರ.

“ಕಾಲಿಗೇನಾಗ್ಯದ? ಸುಳ್ಳ ಹೆದರಸ್ತಿ,” ಎಂದು ಅವ್ವ ಎದ್ದಳು.

“ಬೆರಳು ಮ್ಯಾಲೆತ್ತಿ ಹಿಮ್ಮಡಿ ಮ್ಯಾಲೆ ನಡದು ತೋರಿಸು ಮತ್ತ. ಮಾವಶಿನೂ ನಡೀಲಿ.”

ಮಾವಶಿಗೆ ಪಂದ್ಯವೆಂದರೆ ಪ್ರಾಣ. ಸೀರೆ ಎತ್ತಿ ಹಿಡಿದು, ಬೆರಳುಗಳನ್ನು ಆಕಾಶಕ್ಕೆ ಮಾಡಿ, ಬಾತುಕೋಳಿಯಂತೆ ಅಂಗಡಿಯ ಆ ತುದಿಗೆ ಹೋಗಿ ಬಂದರು. ಅವ್ವ ಹೊರಟಳು. ಎಡಗಾಲು ಎದ್ದಿತು. ಬಲಗಾಲಿನ ಬೆರಳುಗಳು ಏಳಲಿಲ್ಲ. ಪಾದ ಚಪ್ಪೆಂದು ನೆಲಕ್ಕೆ ಬಿತ್ತು. ಮತ್ತೆ ಎತ್ತಿದಳು, ಮತ್ತೆ ಬಿತ್ತು. ತನ್ನ ಪಾದವನ್ನೇ, ಯಾರದೋ ಗಿರಾಕಿಯ ಬಟ್ಟೆ ನೋಡುವಂತೆ, ನೋಡುತ್ತ ನಿಂತಳು. ಮಾವಶಿ ನಗಲಿಲ್ಲ.

“ಆಟೋ ಕರಿ,” ಎಂದಳು ಅವ್ವ.

ಡಾಕ್ಟರು ನಡುವಯಸ್ಸಿನ ಹೆಂಗಸು, ಮಾತು ಮರಾಠಿ, ಸಹನೆ ಕಡಿಮೆ. ಹೆಬ್ಬೆರಳು ಒತ್ತಿ ಹಿಡಿದು ಎತ್ತು ಎಂದರು, ಮಂಡಿಗೆ ಸುತ್ತಿಗೆ ಬಡಿದರು, ಕಾಲು ನೆಟ್ಟಗೆ ಮೇಲೆತ್ತಿ ನೋಡಿದರು. ಮೂತ್ರಕ್ಕೆ ತೊಂದರೆ ಇದೆಯೇ, ಕೂರುವ ಜಾಗ ಮರಗಟ್ಟಿದೆಯೇ ಎಂದು ಕೇಳಿದಾಗ ಅವ್ವ ಗೋಡೆಯ ಕ್ಯಾಲೆಂಡರಿಗೆ “ಇಲ್ಲ” ಎಂದು ಉತ್ತರಿಸಿದಳು. ಸ್ಕ್ಯಾನ್ ಮಾಡಿಸಿದ್ದಾಯಿತು. ವರದಿ ನನ್ನ ಕೈಗೆ ಬಂತು. ಡಿಸ್ಕು ಉಬ್ಬಿದೆ, ಇಲ್ಲಿ ಸವೆದಿದೆ, ಅಲ್ಲಿಯೂ ಸವೆದಿದೆ ಎಂದು ಓದುತ್ತಾ ನನ್ನ ದನಿ ಸಣ್ಣದಾಯಿತು.

“ನಾ ಪೂರಾ ಸವದೀನಿ ಅಂತನ?” ಎಂದಳು ಅವ್ವ.

ಡಾಕ್ಟರು ವರದಿಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಈ ವಯಸ್ಸಿನಲ್ಲಿ ನೋವೇ ಇಲ್ಲದವರ ಬೆನ್ನಿನ ಸ್ಕ್ಯಾನ್ ತೆಗೆದು ನೋಡಿದರೂ ಸವೆತ ಸಿಗುತ್ತದೆ, ತೊಳೆದು ಉಟ್ಟ ಸೀರೆಯ ಅಂಚು ಸವೆಯುವುದಿಲ್ಲವೇ, ಉಡುವುದು ಬಿಡುತ್ತೀರಾ ಎಂದು ಅವ್ವನನ್ನೇ ಕೇಳಿದರು. ಒಂದು ಕಡೆ ನರ ಒತ್ತಿಕೊಂಡಿದೆ, ಅದು ಮಾತ್ರ ಮುಖ್ಯ. ಪಾದದ ಬಲ ಸ್ವಲ್ಪ ಇಳಿದಿದೆ, ಪೂರ್ತಿ ಹೋಗಿಲ್ಲ. ಈಗಲೇ ಆಪರೇಷನ್ ಬೇಡ. ವ್ಯಾಯಾಮ ಮಾಡಿ, ನಡೆಯಿರಿ, ಕಾದು ನೋಡೋಣ. ಬಲ ಇನ್ನೂ ಇಳಿದರೆ, ಅಥವಾ ಮೂತ್ರಕ್ಕೆ ತೊಂದರೆಯಾದರೆ, ಅದೇ ದಿನ ಓಡಿ ಬರಬೇಕು. ಸುಮ್ಮನೆ ಮಲಗಬೇಡಿ.

“ಹಲಗೆಯ ಮೇಲೆ?” ಎಂದು ನಾನು ಕೇಳಿದೆ.

ಹಲಗೆಯ ಮೇಲೆ ಯಾರು ಮಲಗಿಸಿದ್ದು ಎಂದು ಅವರು ಕೇಳಿದರು. ಅವ್ವ ನನ್ನ ಕಡೆ ಬೆರಳು ತೋರಿಸಿದಳು. ದಿನಗಟ್ಟಲೆ ಮಲಗಿದರೆ ಬೆನ್ನು ಇನ್ನಷ್ಟು ಬಿಗಿಯುತ್ತದೆ, ಇದೆಲ್ಲ ಹಳೆಯ ಕಾಲದ ನಂಬಿಕೆ ಎಂದರು ಡಾಕ್ಟರು. ನಂಬಿಕೆ ಎಂಬ ಪದ ಮರಾಠಿಯಲ್ಲೂ ಕನ್ನಡದಲ್ಲೂ ಅಷ್ಟೇ ಚುಚ್ಚುತ್ತದೆ. ಆಟೋದಲ್ಲಿ ಅವ್ವ ಕಾತ್ರಜ್ ರಸ್ತೆಯುದ್ದಕ್ಕೂ ಮುಗುಳ್ನಗುತ್ತಲೇ ಇದ್ದಳು. “ಸಾಕ್ಷ್ಯ ಎಲ್ಲದ ಅಂತ ಮಂದಿಗೆಲ್ಲ ಕೇಳ್ತಿದ್ದಿ. ಹಲಗಿಗೆ ಕೇಳಿದ್ದೇನು?”

ವ್ಯಾಯಾಮಗಳು ನೋಡಲು ಏನೂ ಅಲ್ಲ. ಅಂಗಾತ ಮಲಗಿ ಟೊಂಕ ಎತ್ತುವುದು, ಕುರ್ಚಿಯಲ್ಲಿ ಕೂತು ಪಾದ ಎತ್ತಿ ಇಳಿಸುವುದು, ಬೆಳಿಗ್ಗೆ ಮಾರುಕಟ್ಟೆಯ ತನಕ ನಡೆಯುವುದು. ಆದರೆ ಅವ್ವ ಒಂದು ಷರತ್ತು ಹಾಕಿದಳು: ಮೊದಲು ನನ್ನ ಪಾದ ಬೆನ್ನಿಗೆ ತಾಗಬೇಕು, ಆಮೇಲೆ ವ್ಯಾಯಾಮ. ಇಲ್ಲದಿದ್ದರೆ ಇಲ್ಲ. ಹಾಗಾಗಿ ಹಲ್ಲುಜ್ಜಿ, ಚಹಾಕ್ಕಿಂತ ಮೊದಲು, ನಾನು ಸಾಬೂನು ಹಚ್ಚಿದ ಕಾಲಿನಿಂದ ಅವ್ವನ ಬೆನ್ನು ಮುಟ್ಟುವುದು ದಿನಚರಿಯಾಯಿತು. ಅಡ್ಡ ಪರಿಣಾಮವಿಲ್ಲದ ಔಷಧ ಎಂದು ನನಗೆ ನಾನೇ ಹೇಳಿಕೊಂಡೆ. ಅಡ್ಡ ಪರಿಣಾಮ ಇದ್ದದ್ದು ನನ್ನ ಮರ್ಯಾದೆಗೆ ಮಾತ್ರ.

ವಾರಗಳ ಮೇಲೆ ವಾರ ಏನೂ ಆಗಲಿಲ್ಲ. ಬೆರಳು ಏಳುತ್ತಿರಲಿಲ್ಲ. ಒಂದು ಬೆಳಿಗ್ಗೆ ಕುರ್ಚಿಯಲ್ಲಿ ಕೂತವಳು, “ಇದು ಹಿಂಗ ಉಳದ್ರ ಮಷಿನ್ ಮಾರೂದನ,” ಎಂದು ಪಾದಕ್ಕೇ ಹೇಳಿದಳು. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನಾನೂ ಪಾದ ಎತ್ತಿ ಇಳಿಸಿದೆ. ಹಬ್ಬದ ಹೊಲಿಗೆಯೆಲ್ಲ ಬೇರೆ ಅಂಗಡಿಗೆ ಹೋಯಿತು. ದೀಪಾವಳಿಯ ಆಕಾಶಬುಟ್ಟಿಗಳು ಬಾಲ್ಕನಿಗಳಿಂದ ಇಳಿದವು.

ಆಮೇಲೊಂದು ದಿನ ಹೆಬ್ಬೆರಳು ಕದಲಿತು. ಆಮೇಲೆ ಎದ್ದಿತು. ಡಾಕ್ಟರು ಒತ್ತಿ ಹಿಡಿದರೂ ಏಳುವಷ್ಟಾಗಲು ಚಳಿಗಾಲ ಹಿಡಿಯಿತು. ಈ ಶ್ರೇಯ ಯಾರದು ಎಂಬ ಬಗ್ಗೆ ನಮ್ಮ ಮನೆಯಲ್ಲಿ ಇಂದಿಗೂ ತೀರ್ಪು ಬಂದಿಲ್ಲ. ನಾನು ವ್ಯಾಯಾಮ ಎನ್ನುತ್ತೇನೆ. ಕಾಲವೂ ಇರಬಹುದು ಎಂದು ಪ್ರಾಮಾಣಿಕತೆಗಾಗಿ ಸೇರಿಸುತ್ತೇನೆ. ಅವ್ವ ಅಷ್ಟು ಪ್ರಾಮಾಣಿಕಳಲ್ಲ, ಡಬ್ಬಿಯಿಂದ ಒಂದು ತುಂಡು ಬೆಲ್ಲ ತೆಗೆದು ನನ್ನ ಲ್ಯಾಪ್‌ಟಾಪಿನ ಪಕ್ಕ ಇಟ್ಟು ಹೋಗುತ್ತಾಳೆ.

ಮೊನ್ನೆ ಮೇಲೆ ಕೂತು ಕೆಲಸ ಮಾಡುತ್ತಿದ್ದೆ. ಕೆಳಗೆ ಮಷಿನ್ ಓಡಿತು. ನಿಂತಿತು. ಓಡಿತು, ನಿಂತಿತು. ಎಲ್ಲಿ ನಿಲ್ಲಬೇಕೋ ಅಲ್ಲೇ. ನಾನು ಟೈಪ್ ಮಾಡುವುದು ಬಿಟ್ಟು ಅದನ್ನೇ ಕೇಳುತ್ತ ಕೂತಿದ್ದಾಗ ಅವ್ವನ ಕೂಗು ಬಂತು.

“ಏ ಪಾಯಾಳೂ! ಕೆಳಗ ಬಾ. ಮಾವಶಿ ನಾದಿನಿ ಬಂದಾರ, ಟೊಂಕ ಹಿಡದದ ಅಂತ.”

“ಮೊದಲು ದವಾಖಾನಿ!” ಎಂದು ಕಿಟಕಿಯಿಂದ ಕೂಗಿದೆ.

“ನಿನಗಿಂತ ಮೊದಲ ನಾ ಕೇಳೀನಿ. ಜೋಮು ಇಲ್ಲ, ಮೂತ್ರದ ತ್ರಾಸಿಲ್ಲ. ಹಿಮ್ಮಡಿ ಮ್ಯಾಲೆ ನಡಿಸೀನಿ, ಎರಡೂ ಕಾಲು ಪಾಸಾಗ್ಯಾವ. ವಾರದಾಗ ಕಡಿಮಿ ಆಗದಿದ್ರ ಡಾಕ್ಟರ ಕಡೆ ಹೋಗ್ರಿ ಅಂತನೂ ಹೇಳೀನಿ. ಇನ್ನ ನಿಂದಷ್ಟ ಉಳದದ. ಸಾಬೂನ ಹಚ್ಚಿಕೊಂಡು ಬಾ.”